ಟೇಬಲ್ ಕೆಳಗಿನ ಮುಷ್ಟಿ

ಎಡಚ ಮತ್ತೆ ಮುಷ್ಟಿಯನ್ನೇ ತೋರಿಸಿದ.

ಟೇಬಲ್ ಟೆನ್ನಿಸ್ ಮಿಕ್ಸೆಡ್ ಡಬಲ್ಸ್‌ನಲ್ಲಿ ಜೊತೆಯ ಹುಡುಗಿ ಸರ್ವ್ ಮಾಡುವ ಮುನ್ನ, ಎದುರಾಳಿಗೆ ಕಾಣದಂತೆ ಟೇಬಲ್ ಕೆಳಗೆ ಅವನು ಕೈಸನ್ನೆ ಮಾಡಬೇಕು. ಒಂದು ಬೆರಳೆಂದರೆ ಹತ್ತಿರಕ್ಕೆ ಹಾಕು, ಎರಡೆಂದರೆ ಉದ್ದಕ್ಕೆ ಬಿಡು. ಮುಷ್ಟಿ ಎಂದರೆ ನಿನ್ನಿಷ್ಟ. ಎರಡು ವರ್ಷದ ಜೋಡಿಯಾಟದಲ್ಲಿ ಮುಷ್ಟಿ ಕಂಡದ್ದೇ ಅಪರೂಪ. ಈ ಕ್ರೀಡಾಕೂಟಕ್ಕೆ ಬಂದಮೇಲೆ ಮಹಾರಾಯ ಬೆರಳನ್ನೇ ಬಿಚ್ಚಿಲ್ಲ.

ಅವನ ಮುನಿಸಿಗೂ ಕಾರಣವಿತ್ತು ಅನ್ನಿ. ಬರುವಾಗ ವಿಮಾನದಲ್ಲಿ, ತಂಡದವರೆಲ್ಲ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾಗ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಹೇಳಿದ್ದ: "ನಂಗೆ ನೀನಂದ್ರೆ ತುಂಬಾ ಇಷ್ಟ ಕಣೇ. ಆಟಕ್ಕಷ್ಟೇ ಅಲ್ಲ."

ತಂಡದವರೆಲ್ಲ ಪಟಾಕಿ ಎಂದು ಕರೆಯುವ ಹುಡುಗಿ ಅಂದು ಚಟ್ ಎನ್ನಲಿಲ್ಲ, ಪಟ್ ಎನ್ನಲಿಲ್ಲ. ಕಿವಿಯವರೆಗೂ ಕೆಂಪಾಗಿ ಕಿಟಕಿಯಾಚೆ ನೋಡುತ್ತ ಕೂತುಬಿಟ್ಟಳು. ಮರುದಿನ ಕೋಚ್ ಮೇಡಂ ಕೋಣೆಯ ಬಾಗಿಲ ಬಳಿ ಅವಳ ಮಾತು ಇವನ ಕಿವಿಗೆ ಬಿತ್ತು: "ಮೇಡಂ, ಈ ಕೂಟ ಮುಗಿದ್ಮೇಲೆ ನಂಗೆ ಬೇರೆ ಪಾರ್ಟ್ನರ್ ಕೊಡಿ."

ಇನ್ನೇನು ಬೇಕು? ಎದೆಗೆ ಒದ್ದಂತಾಯಿತು. ಅಂದಿನಿಂದ ಬರೀ ಮುಷ್ಟಿ.

ಇಂದು ಕ್ವಾರ್ಟರ್ ಫೈನಲ್. ಗೆದ್ದರೆ ಕಂಚಾದರೂ ಖಾತ್ರಿ. ಇಡೀ ಖಂಡದ ದೇಶಗಳು ಸೇರುವ ಈ ಕೂಟದಲ್ಲಿ ಅವರ ದೇಶ ಈ ಆಟದಲ್ಲಿ ಪದಕದ ಮುಖವನ್ನೇ ಕಂಡಿರಲಿಲ್ಲ. ಕೊನೆಯ ಗೇಮ್‌ನಲ್ಲಿ ಹತ್ತು–ಒಂಬತ್ತು. ಇನ್ನೊಂದೇ ಪಾಯಿಂಟ್ ಸಾಕು.

"ಬೆರಳು ಬಿಚ್ಚಿದ್ರೆ ಸವೆದು ಹೋಗುತ್ತಾ?" ಪಟಾಕಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಎಲ್ಲಾ ನಿನ್ನಿಷ್ಟದಂತೆ ತಾನೇ ನಡೀತಿರೋದು?"

ಅವಳು ಹುಬ್ಬು ಗಂಟಿಕ್ಕಿ ದುರುಗುಟ್ಟಿದಳು. ಆ ಕಣ್ಣು ಕೋಪದಲ್ಲೂ ಚೆಂದ. ಹಾಳಾದ್ದು, ಅದೇ ಅವನ ಕಷ್ಟ.

ಸರ್ವ್ ಹೋಯಿತು. ಎದುರಾಳಿ ಮರಳಿಸಿದ. ಈಗ ಹೊಡೆಯುವ ಸರದಿ ಎಡಚನದು. ಮುನ್ನುಗ್ಗಿದವನ ಕಾಲು ಸರ್ರನೆ ಜಾರಿತು, ಧೊಪ್ಪನೆ ಬಿದ್ದ. "ಅಯ್ಯೋ!" ಎಂದವಳೇ ಪಟಾಕಿ ಅಡ್ಡ ಹಾರಿ ಆ ಬಾಲನ್ನು ತಾನೇ ಹೊಡೆದಳು. ಒಬ್ಬರಾದಮೇಲೆ ಒಬ್ಬರು ಹೊಡೆಯಬೇಕೆಂಬುದು ಡಬಲ್ಸ್‌ನ ಮೊದಲ ದಿನದ ಪಾಠ. ಸರದಿ ತಪ್ಪಿತು, ಪಾಯಿಂಟೂ ಹೋಯಿತು. ಹತ್ತು–ಹತ್ತು. ಇನ್ನು ಎರಡು ಪಾಯಿಂಟ್ ಮುಂದೆ ಹೋದವರಿಗೇ ಗೆಲುವು.

ಮೇಡಂ ಟೈಮ್‌ಔಟ್ ಕೇಳಿದರು.

"ನನ್ನ ಬಾಲ್ ನೀನ್ಯಾಕೆ ಹೊಡೆದೆ?" ಎಡಚ ಮೊಣಕಾಲು ಉಜ್ಜುತ್ತ ರೇಗಿದ.

"ನೀನು ಬಿದ್ದೆಯಲ್ಲೋ! ಏನಾಯ್ತೋ ಅಂತ ಜೀವವೇ ಬಾಯಿಗೆ ಬಂತು. ಸರದಿ-ಗಿರದಿ ಯಾರಿಗೆ ನೆನಪಿರುತ್ತೆ?"

"ಬೇರೆ ಪಾರ್ಟ್ನರ್ ಬೇಕಾದೋಳಿಗೆ ನನ್ನ ಚಿಂತೆ ಯಾಕಮ್ಮ?"

ಅವಳು ಕಣ್ಣರಳಿಸಿದಳು. "ಕದ್ದು ಕೇಳಿಸ್ಕೊಂಡ್ಯಾ?"

ಮೇಡಂ ಹಣೆ ಚಚ್ಚಿಕೊಂಡರು. "ಕೂಟ ಮುಗಿಯೋವರೆಗೂ ಬಾಯಿ ಬಿಡಬೇಡ ಅಂದೆನಲ್ಲ, ನನ್ನದೇ ತಪ್ಪು. ಹೇಳಿಬಿಡು ತಾಯಿ. ಇಲ್ದಿದ್ರೆ ಇಬ್ಬರೂ ಸೇರಿ ನನ್ನ ಪದಕ ಮುಳುಗಿಸ್ತೀರ."

ಪಟಾಕಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ಒಳಗಿನಿಂದಲೇ ಮಾತು ಬಂತು: "ಮೇಡಂ ರೂಲ್ ಮರೆತ್ಯಾ ಪೆದ್ದಾ? ಒಟ್ಟಿಗೆ ಆಡೋರು ಪ್ರೀತಿ ಮಾಡೋ ಹಾಗಿಲ್ಲ. ಆಟದಲ್ಲಿ ನಿನ್ನ ಬಿಟ್ಕೊಟ್ರೆ ತಾನೇ ಹೊರಗೆ ನೀನು ಸಿಗೋದು?"

ಎಡಚನ ಮುಖದಲ್ಲಿ ಹರಡಿದ ನಗುವನ್ನು ಅಂಪೈರ್ ಕೂಡ ಕಂಡಿರಬೇಕು.

ಹನ್ನೆರಡು–ಹನ್ನೊಂದು. ಮತ್ತೆ ಒಂದೇ ಪಾಯಿಂಟ್, ಮತ್ತೆ ಅವಳದೇ ಸರ್ವ್. ಪಟಾಕಿ ಬಗ್ಗಿ ನೋಡಿದಳು. ಟೇಬಲ್ ಕೆಳಗೆ ನೆಟ್ಟಗೆ ಎರಡು ಬೆರಳು! ತುಟಿ ಕಚ್ಚಿ ನಗು ತಡೆದು ಉದ್ದಕ್ಕೆ ಬಿಟ್ಟಳು. ತಬ್ಬಿಬ್ಬಾದ ಎದುರಾಳಿ ಬಾಲನ್ನು ಮೇಲೆತ್ತಿದ. ಎಡಚ ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದ.

ಸಂಜೆ ಆಟಗಾರರ ಊಟದ ಹಾಲಿನಲ್ಲಿ ಮೇಡಂ ಅವರೆದುರು ತಟ್ಟೆ ಹಿಡಿದು ಕೂತರು. "ಪದಕವಂತೂ ಬಂತು. ಇಂಥ ಜೋಡಿ ನಂಗೆ ಹುಡುಕಿದ್ರೂ ಸಿಗಲ್ಲ. ಆದ್ರೆ ರೂಲ್ ರೂಲೇ. ಈಗ ಹೇಳು, ಬೇರೆ ಪಾರ್ಟ್ನರ್ ಬೇಕಾ?"

ಪಟಾಕಿ ಎಡಚನತ್ತ ನೋಡಿದಳು. ಎರಡು ವರ್ಷ ಬೆವರು ಸುರಿಸಿ ಕಟ್ಟಿದ ಆಟ. ಇನ್ಯಾರ ಬೆರಳು ನೋಡಿ ಸರ್ವ್ ಮಾಡುವುದು? ಎಡಚನಿಗೂ ಸಂಕಟವಾಯಿತು. ಆದರೂ ಟೇಬಲ್ ಕೆಳಗೆ ಎಡಗೈ ಚಾಚಿ ಮೆಲ್ಲಗೆ ಮುಷ್ಟಿ ಮಾಡಿದ. ಈ ಸಲ ಅದರಲ್ಲಿ ಮುನಿಸಿರಲಿಲ್ಲ.

"ಬೇಕು ಮೇಡಂ," ಎಂದಳು ಪಟಾಕಿ, ಆ ಮುಷ್ಟಿಯ ಮೇಲೆ ಅಂಗೈ ಇಡುತ್ತ. ಮುಷ್ಟಿ ಬಿಚ್ಚಿಕೊಂಡಿತು.

ಮೇಡಂ ನಿಟ್ಟುಸಿರು ಬಿಟ್ಟು ಚಮಚ ಕೈಗೆತ್ತಿಕೊಂಡರು. "ಆಗ್ಲಿ. ಆದ್ರೆ ನಾಳೆ ಸೆಮಿಫೈನಲ್ ಮುಗಿಯೋವರೆಗೂ ಇಬ್ಬರ ಕೈಯೂ ಟೇಬಲ್ ಮೇಲಿರಲಿ."

ಇಬ್ಬರೂ ಗಡಬಡಿಸಿ ಕೈ ಮೇಲಿಟ್ಟರು. ಬಿಡಿಸಿಕೊಳ್ಳುವುದನ್ನು ಮಾತ್ರ ಮರೆತಿದ್ದರು.