ಮಡಚದೇ ಉಳಿದ ಸೀಟು

"ಮಗು ಅಳದೇ ಇರೋಂಥ ಕಾರು ಸಿಗುತ್ತಾ?"

ಬಾಡಿಗೆ ಕಾರಿನ ಕೌಂಟರಿನಲ್ಲಿ ಕೂತು ಅವಳ ಕಿವಿಗೆ ಬೀಳದ ಪ್ರಶ್ನೆಯಿರಲಿಲ್ಲ. ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸ್ ಹಿಡಿಯುತ್ತೆ ಅಂದವರಿದ್ದರು, ಕಪ್ಪು ಬಣ್ಣ ನಮ್ಮನೆಯವರಿಗೆ ಆಗಿಬರಲ್ಲ ಅಂದವರಿದ್ದರು. ಇದು ಮಾತ್ರ ಹೊಸದು. ನಗು ಬಂತು. ಕಂಪ್ಯೂಟರಿನಿಂದ ತಲೆ ಎತ್ತಿದವಳು ಆ ನಗುವನ್ನು ಅಲ್ಲೇ ನುಂಗಿಕೊಂಡಳು.

ಎದುರಿಗೆ ಕನ್ನಡಕದವನು ನಿಂತಿದ್ದ.

ಆ ಹೆಸರು ಅವಳೇ ಇಟ್ಟದ್ದು. ಅವನದೊಂದು ಪುಟ್ಟ ಕನ್ನಡಕದಂಗಡಿ. ಒಂದು ಕಾಲದಲ್ಲಿ ತಲೆನೋವೆಂದು ಅಲ್ಲಿಗೆ ಹೋದವಳನ್ನು ಕೂರಿಸಿ, ಗಾಜು ಬದಲಿಸಿ ಬದಲಿಸಿ, "ಹೀಗೆ ಚೆನ್ನಾಗಿ ಕಾಣುತ್ತಾ, ಹಾಗಾ?" ಅಂತ ಕೇಳಿ ಕೇಳಿ, ಕೊನೆಗೆ ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಅಂದಿದ್ದ. "ಮತ್ತೆ ಇಷ್ಟೊತ್ತು ಏನು ನೋಡಿದ್ರಿ?" ಎಂದು ಅವಳು ರೇಗಿದಾಗ, "ಕಣ್ಣನ್ನೇ" ಅಂದಿದ್ದ. ಅಲ್ಲಿಂದ ಶುರುವಾದದ್ದು ಮದುವೆಯ ಮಾತಿನವರೆಗೂ ಬಂದಿತ್ತು.

ಆಮೇಲೆ ಒಂದು ಸಂಜೆ ಅವನ ಅಣ್ಣ ಅತ್ತಿಗೆ, ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು, "ಈಗ ಬಂದ್ವಿ" ಅಂತ ಕಾರು ಹತ್ತಿದವರು ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕರು. ಕೆಲವು ವಾರಗಳ ಮೇಲೆ ಅವನು ಇವಳಿಗೆ ಫೋನ್ ಮಾಡಿದ. "ನನ್ನ ತಲೆ ಮೇಲೆ ಈಗ ಒಂದು ಮಗು ಇದೆ, ನಡೆಯೋಕಾಗದ ಅಮ್ಮ ಇದ್ದಾಳೆ. ಈ ಭಾರ ನಿಂಗೆ ಬೇಡ. ನೀನು ನಿನ್ನ ದಾರಿ ನೋಡ್ಕೋ," ಅಂದ. ಅವಳು ಬಾಯಿ ತೆರೆಯುವ ಮೊದಲೇ ಫೋನ್ ಇಟ್ಟ. ಸಾವಿನ ಮನೆಯವನ ಜೊತೆ ಜಗಳ ಆಡುವುದಾದರೂ ಹೇಗೆ? ಸಿಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ಊರಿನ ಇನ್ನೊಂದು ತುದಿಯ ಈ ಶಾಖೆಗೆ ಬಂದು ಕೂತಿದ್ದಳು. ಅದಾಗಿ ವರ್ಷದ ಮೇಲಾಗಿತ್ತು.

ಅವನು ಸೊರಗಿಹೋಗಿದ್ದ. ಮೈಮೇಲಿದ್ದದ್ದು ಅಣ್ಣನ ಜಾಕೆಟ್. ತೋಳು ಉದ್ದವಾಗಿ, ಮಣಿಕಟ್ಟಿನ ಹತ್ತಿರ ಎರಡು ಮಡಿಕೆ ಬಿದ್ದಿತ್ತು.

"ಹೇಳಿ ಸರ್," ಅಂದಳು. ಆ 'ಸರ್' ಅವನಿಗೆ ಚುಚ್ಚಿತು. ಚುಚ್ಚಲಿ ಎಂದೇ ಅಂದದ್ದು.

"ನೀನು... ನೀವು ಇಲ್ಲಿದೀರ ಅಂತ ಗೊತ್ತಿರಲಿಲ್ಲ."

"ಗೊತ್ತಿದ್ರೆ ಬೇರೆ ಕಡೆ ಹೋಗ್ತಿದ್ರಿ. ಎಷ್ಟು ಜನ? ಎಲ್ಲಿಗೆ?"

ಅವನು ಜೇಬಿನಿಂದ ಬಣ್ಣಬಣ್ಣದ ನಕ್ಷೆಯೊಂದನ್ನು ತೆಗೆದು ಕೌಂಟರಿನ ಮೇಲೆ ಹರಡಿದ. ಮೂಲೆಗಳಲ್ಲಿ ಹಳೆಯ ಟೇಪಿನ ಗುರುತು. ಅದರಲ್ಲಿ ಎರಡು ಥೀಮ್ ಪಾರ್ಕುಗಳಿದ್ದವು. ಒಂದರಲ್ಲಿ ಭಾರೀ ಚಕ್ರ, ಇನ್ನೊಂದರಲ್ಲಿ ನೀರಿನ ಜಾರುಬಂಡೆಗಳು. ರಜೆಗೆ ಕಾರಲ್ಲಿ ಕರೆದುಕೊಂಡು ಹೋಗುತ್ತೇನೆಂದು ಅವನಣ್ಣ ಇದನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದನಂತೆ. ಮಗು ಈಗಲೂ ದಿನಾ ಅದರ ಮುಂದೆ ನಿಂತೇ ಹಾಲು ಕುಡಿಯುತ್ತಿತ್ತು.

"ಆದ್ರೆ ಕಾರು ಹತ್ತಲ್ಲ. ಬಾಗಿಲು ತೆಗೆದ್ರೆ ಸಾಕು, ಅಳು. ಬಸ್ಸಲ್ಲಿ ಅಮ್ಮನ ವೀಲ್‌ಚೇರ್ ಏರಿಸೋಕಾಗಲ್ಲ. ಅಜ್ಜಿ ಇಲ್ದೆ ಇವಳು ಎಲ್ಲಿಗೂ ಬರಲ್ಲ."

"ಅಷ್ಟೆತ್ತರದ ಚಕ್ರ ಹತ್ತೋಕೆ ಭಯ ಇಲ್ವಂತಾ?"

"ನಾನೂ ಕೇಳ್ದೆ. ಚಕ್ರ ಹೊರಟಲ್ಲಿಗೇ ವಾಪಸ್ ಬರುತ್ತಲ್ಲ ಚಿಕ್ಕಪ್ಪಾ, ಅಂದ್ಲು."

ಅವಳು ಸುಮ್ಮನೆ ಕೀಬೋರ್ಡಿನ ಧೂಳು ಒರೆಸಿದಳು. ಹೊರಗೆ ಮೋಡ ಮುಚ್ಚಿಕೊಂಡು, ಯಾರ್ಡಿನಲ್ಲಿ ಸಾಲಾಗಿ ನಿಂತ ಕಾರುಗಳೆಲ್ಲ ಒಂದೇ ಬೂದಿ ಬಣ್ಣಕ್ಕೆ ತಿರುಗಿದ್ದವು.

"ನಾಳೆ ಸಂಜೆ ಕರ್ಕೊಂಡು ಬನ್ನಿ," ಅಂದಳು. "ಯಾವ ಕಾರು ಅಂತ ಅವಳೇ ಹೇಳ್ಲಿ."

* * *

ಮಗು ಬಂತು. ಎರಡು ಜಡೆ, ಒಂದು ಕಿವಿಯ ಮೇಲೆ, ಇನ್ನೊಂದು ಕಿವಿಯ ಕೆಳಗೆ. ಚಿಕ್ಕಪ್ಪನ ಕೈಚಳಕವೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳ ಸೊಂಟದ ಕೀಗೊಂಚಲನ್ನು ಕಣ್ಣರಳಿಸಿ ನೋಡಿ, ಅಲ್ಲೇ 'ಕೀ ಆಂಟಿ' ಎಂದು ಹೆಸರಿಟ್ಟುಬಿಟ್ಟಿತು.

"ನಾನು ಹತ್ತಲ್ಲ," ಎಂದು ಮೊದಲೇ ಹೇಳಿತು.

"ಹತ್ತು ಅಂತ ಯಾರಂದ್ರು? ನಾನು ಇಳಿಯೋದು ಕಲಿಸ್ತೀನಿ."

ಮಗು ಯೋಚಿಸಿತು. "ಇಳೀಬೇಕಾದ್ರೆ ಹತ್ತಬೇಕಲ್ಲ?"

"ಜಾಣೆ! ಬೇಡ ಬಿಡು. ನಾನು ಹತ್ತಿ ಇಳೀತೀನಿ, ನೀನು ಸರಿ ಇದೆಯಾ ಹೇಳು."

ಅವಳು ಹಿಂದಿನ ಸೀಟಿನಲ್ಲಿ ಕೂತಳು. ಬೆಲ್ಟು ಹಾಕಿದಳು. ಕೆಂಪು ಗುಂಡಿ ಒತ್ತಿ ಬೆಲ್ಟು ಬಿಡಿಸಿದಳು, ಹಿಡಿಕೆ ಎಳೆದಳು, ಬಾಗಿಲು ತಳ್ಳಿದಳು, ಇಳಿದಳು. ಮತ್ತೆ ಹತ್ತಿದಳು, ಮತ್ತೆ ಇಳಿದಳು. ಬೇಕೆಂದೇ ಒಮ್ಮೆ ಗುಂಡಿ ಒತ್ತುವುದನ್ನು ಮರೆತು, ಬೆಲ್ಟಿಗೆ ಸಿಕ್ಕಿಹಾಕಿಕೊಂಡು ಒದ್ದಾಡಿದಳು. ಮಗುವಿಗೆ ತಡೆಯಲಾಗಲಿಲ್ಲ. "ಅಯ್ಯೋ, ಕೆಂಪು ಒತ್ತಿ ಆಂಟಿ, ಕೆಂಪು!" ಎಂದು ಕಾರಿನೊಳಗೆ ಅರ್ಧ ನುಗ್ಗಿ ತಾನೇ ಒತ್ತಿತು. ಒತ್ತಿದ ಮೇಲೆ ತಾನೆಲ್ಲಿದ್ದೇನೆಂದು ಗೊತ್ತಾಗಿ ಚಂಗನೆ ಹೊರಗೆ ಹಾರಿತು. ಆದರೆ ಅಳಲಿಲ್ಲ.

ದೂರದಲ್ಲಿ ನಿಂತಿದ್ದ ಅವನು ಕನ್ನಡಕ ತೆಗೆದು ಜಾಕೆಟ್ಟಿನ ತುದಿಯಿಂದ ಒರೆಸತೊಡಗಿದ. ಮಂಜಾಗಿದ್ದದ್ದು ಕನ್ನಡಕವಲ್ಲ. ಅವಳು ನೋಡಿದಳು, ನೋಡದವಳಂತೆ ಮುಖ ತಿರುಗಿಸಿದಳು.

* * *

ಆಮೇಲೆ ಸಂಜೆಗಳೆಲ್ಲ ಹಾಗೇ ಕಳೆದವು. ಬಾಗಿಲು ತೆರೆದಿಟ್ಟು ಕೂರುವುದು, ಮುಚ್ಚಿ ಕೂರುವುದು, ಕೊನೆಗೆ ಅವನು ಓಡಿಸುತ್ತ ಯಾರ್ಡಿನೊಳಗೇ ಒಂದು ಸುತ್ತು. ಮಗು ಪ್ರತಿ ಸಲವೂ ಅವಳ ಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರುತ್ತಿತ್ತು. ಬಿಟ್ಟ ಮೇಲೂ ಆ ಪುಟ್ಟ ಉಗುರುಗಳ ಗುರುತು ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳು ಅದನ್ನೇ ನೋಡಿಕೊಳ್ಳುತ್ತಿದ್ದಳು.

ಅವನ ಅಮ್ಮನೂ ವೀಲ್‌ಚೇರಿನಲ್ಲಿ ಬರುತ್ತಿದ್ದರು. ಅವರದೊಂದೇ ಹಟ, ಮೊದಲು ನೀರಿನ ಪಾರ್ಕಿಗೇ ಹೋಗಬೇಕು.

"ಅಮ್ಮಾ, ನೀನು ಜಾರುಬಂಡೇಲಿ ಜಾರ್ತೀಯಾ?"

"ಜಾರಲ್ಲ ಕಣೋ. ಜಾರಿ ಬೀಳೋರನ್ನ ನೋಡ್ತಾ ಕೂರ್ತೀನಿ. ನಗೋಕೆ ಕಾಲು ಬೇಕಾ?" ಎಂದು ಅವಳತ್ತ ತಿರುಗಿದರು. "ನೀನೇ ಹೇಳಮ್ಮ."

"ನೀರಿನ ಪಾರ್ಕ್ ಕೊನೆಗಿರ್ಲಿ ಅಮ್ಮಾ. ಇಲ್ದಿದ್ರೆ ಒದ್ದೆ ಬಟ್ಟೆ ಇಡೀ ದಾರಿ ಕಾರಲ್ಲಿ ವಾಸನೆ ಹೊಡೆಯುತ್ತೆ. ವಾಪಸ್ ಬಂದ್ಮೇಲೆ ಬೈಸಿಕೊಳ್ಳೋಳು ನಾನು."

"ಕೌಂಟರಿನವಳ ಬುದ್ಧಿ," ಅಂದ ಅವನು. ಬಹಳ ದಿನಗಳ ಮೇಲೆ ಆ ಹಳೆಯ ಓರೆನಗು ಅವನ ತುಟಿಯ ಒಂದೇ ಮೂಲೆಯಲ್ಲಿ ಇಣುಕಿತು.

"ಕನ್ನಡಕದವರಿಗೆ ಇದೆಲ್ಲ ಹೇಗೆ ಕಾಣಬೇಕು? ಹೀಗಾ, ಹಾಗಾ?" ಬಾಯಿ ತಪ್ಪಿ ಬಂದುಬಿಟ್ಟಿತ್ತು. ಅಮ್ಮ ಆಕಾಶ ನೋಡುತ್ತ, ಮಳೆ ಬರೋ ಹಾಗಿದೆ ಅಂದರು.

ಕಾರಿನೊಳಗೆ ಯಾರು ಎಲ್ಲಿ ಎಂಬುದೇ ಕೊನೆಗೆ ತಲೆನೋವಾಯಿತು. ಮಗು ಆರಿಸಿದ್ದು ಒಂದು ಸಣ್ಣ ಹಳದಿ ಕಾರು. ಮಂಡಿ ಮಡಚಲಾಗದ ಅಮ್ಮ ಮುಂದೆ. ಹಿಂದೆ ಒಂದು ಕಡೆ ಮಗು. ಪಕ್ಕದ ಸೀಟನ್ನು ಮಡಚಿ ಮಲಗಿಸಿದರೆ ಮಾತ್ರ ವೀಲ್‌ಚೇರ್ ಹಿಡಿಯುತ್ತಿತ್ತು.

"ಮಡಚೋದು ಬೇಡ," ಅಂದ ಅವನು, ಅಮ್ಮ ಮತ್ತು ಮಗು ಅತ್ತ ಯಾರ್ಡಿನ ಕೆಲಸದಾತ ಕಾರು ತೊಳೆಯುವುದನ್ನು ನೋಡುತ್ತಿದ್ದಾಗ. "ವೀಲ್‌ಚೇರನ್ನ ಕಾರಿನ ಮೇಲಿನ ಕ್ಯಾರಿಯರ್‌ಗೆ ಕಟ್ಟೋಣ. ನೀನೂ ಬಾ."

ಅವಳಿಗೆ, ತಾನು ಇಷ್ಟು ದಿನ ಕಾದದ್ದು ಇದೊಂದು ಮಾತಿಗೇ ಎಂದು ಆಗಷ್ಟೇ ಗೊತ್ತಾಯಿತು. "ಯಾಕೆ?" ಅಂದಳು.

"ನಿನ್ನ ಕೈ ಹಿಡ್ಕೊಂಡ್ರೇ ಅವಳು ಕೂರೋದು."

ಒಳಗೆ ಹತ್ತಿದ್ದ ದೀಪವನ್ನು ಯಾರೋ ಉಫ್ ಎಂದು ಊದಿದಂತಾಯಿತು.

"ನಿಂಗೆ ನನ್ನ ಕೈ ಬೇಕಾ, ನಾನು ಬೇಕಾ?"

ಅವನು ಬಾಯಿ ತೆರೆದ. ಅತ್ತ ಮಗು ಏನೋ ಕಂಡು ನಕ್ಕಿತು. ಅವನ ಕಣ್ಣು ಅತ್ತ ಹೊರಳಿತು, ಮರಳಿತು, ನೆಲಕ್ಕಿಳಿಯಿತು. "ನನ್ನ ಮನೆ ಸ್ಥಿತಿ ನಿಂಗೆ ಗೊತ್ತಲ್ಲ..." ಅಂದ, ಅಷ್ಟೇ.

"ಗೊತ್ತು. ನೀನು ಕೇಳಿದ್ರೆ ಅವತ್ತು ಫೋನಲ್ಲೇ ಹೇಳ್ತಿದ್ದೆ, ಗೊತ್ತು ಅಂತ. ಕೇಳಲಿಲ್ಲ." ಅವಳು ಕೀಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸೀಟು ಮಡಚೋಣ ಸರ್. ಅವಳೊಬ್ಳೇ ಕೂರೋದನ್ನ ಕಲೀತಾಳೆ. ನಾನು ಕಲಿಸ್ತೀನಿ."

* * *

ಹಟಕ್ಕೆ ಬಿದ್ದು ಕಲಿಸಿದಳು. ಮರುದಿನ ಮಗುವಿಗೆ ಇಡೀ ಕೈ ಕೊಡದೆ ಎರಡು ಬೆರಳು ಕೊಟ್ಟಳು. ಆಮೇಲೆ ಒಂದೇ ಬೆರಳು. ಆಮೇಲೆ ಬೆರಳಿನ ಬದಲು ಕೀಗೊಂಚಲು. "ಇದು ನಿನ್ನ ಕೈಲಿದ್ರೆ ನಾನು ಎಲ್ಲಿಗೂ ಹೋಗೋ ಹಾಗಿಲ್ಲ. ಇಡೀ ಆಫೀಸು ಬಂದ್," ಅಂದಳು. ಮಗು ಅದನ್ನು ಎದೆಗೊತ್ತಿಕೊಂಡು ಕೂತಿತು. ಅವಳು ಕಾರಿನಿಂದ ಇಳಿದು, ಯಾರ್ಡಿನ ನಡುವೆ ನಿಂತಳು. ಹಳದಿ ಕಾರು ಅವಳನ್ನು ಸುತ್ತಿತು. ಕಿಟಕಿಯಲ್ಲಿ ಮಗುವಿನ ಮುಖ ಪ್ರತಿ ಸುತ್ತಿಗೂ ಅವಳನ್ನು ಹುಡುಕಿ, ಕಂಡು, ಸಮಾಧಾನಪಟ್ಟು ಮುಂದೆ ಹೋಗುತ್ತಿತ್ತು.

ಕೊನೆಯ ಸುತ್ತುಗಳಲ್ಲಿ ಹುಡುಕುವುದನ್ನೂ ಬಿಟ್ಟಿತು. ಅಜ್ಜಿಗೆ ಏನೋ ಕಥೆ ಹೇಳುತ್ತ ಹೋಯಿತು.

ಕೆಲಸ ಗೆದ್ದಿತು. ಅವತ್ತು ರಾತ್ರಿ ಮನೆಯಲ್ಲಿ ಅನ್ನ ಕಲಸಿಟ್ಟುಕೊಂಡು ಸುಮ್ಮನೆ ಕೂತಳು. ತನ್ನ ಕೈಯಿಂದಲೇ ತನ್ನ ಜಾಗ ಖಾಲಿ ಮಾಡಿಕೊಂಡಿದ್ದಳು. ಮಗುವಿನ ಮೇಲೆ ಸಿಟ್ಟಿಲ್ಲ, ಅವನ ಮೇಲೂ ಈಗ ಅಷ್ಟಿಲ್ಲ. ಬರೀ ದುಃಖ. ಕೈಯಲ್ಲಿ ಉಗುರಿನ ಗುರುತು ಒಂದೂ ಇರಲಿಲ್ಲ.

* * *

ಹೊರಡುವ ದಿನದ ಬೆಳಗೂ ಮೋಡವೇ. ಅವಳು ಕಾರಿನ ಕಾಗದಪತ್ರ ಮುಗಿಸಿ ಯಾರ್ಡಿಗೆ ಬಂದಳು. ಅಮ್ಮ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಮಗು ಯಾರ ಕೈಯನ್ನೂ ಕೇಳದೆ ಹತ್ತಿ, ತಾನೇ ಬೆಲ್ಟು ಹಾಕಿಕೊಂಡು, ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡಿತ್ತು. ಅವಳು ಹಿಂದಿನ ಬಾಗಿಲು ತೆರೆದು, ಖಾಲಿ ಸೀಟನ್ನು ಮಡಚಲು ಬಗ್ಗಿದಳು.

"ಬೇಡ," ಅಂದ ಅವನು ಹಿಂದಿನಿಂದ.

"ವೀಲ್‌ಚೇರ್ ಎಲ್ಲಿ ಇಡ್ತೀರಿ ಮತ್ತೆ?"

ಅವನು ಮೇಲೆ ತೋರಿಸಿದ. ಕ್ಯಾರಿಯರ್ ಮೇಲೆ ವೀಲ್‌ಚೇರ್ ಟಾರ್ಪಾಲು ಹೊದ್ದು, ಹಗ್ಗದಲ್ಲಿ ಬಿಗಿಸಿಕೊಂಡು ಮಲಗಿತ್ತು. ಕಾರು ತೊಳೆಯುವಾತ ಅತ್ತ ತಿರುಗಿ, ಆಗಲೇ ತೊಳೆದಿದ್ದ ಗಾಜನ್ನು ಮತ್ತೊಮ್ಮೆ ತೊಳೆಯುತ್ತಿದ್ದ.

"ಇದ್ಯಾಕೆ?" ಅಂದಳು. "ಅವಳೊಬ್ಳೇ ಕೂರ್ತಾಳಲ್ಲ. ನನ್ನ ಅವಶ್ಯಕತೆ ಇಲ್ವಲ್ಲ ಈಗ."

"ಇಲ್ಲ," ಅಂದ ಅವನು. "ಅದಕ್ಕೇ ಈಗ ಕರೀತಿದೀನಿ."

ಅವಳು ಸೀಟಿನ ಹಿಡಿಕೆಯನ್ನು ಹಿಡಿದೇ ಇದ್ದಳು.

"ಅವತ್ತು ನೀನು ಕೇಳಿದಾಗ ಉತ್ತರ ಇತ್ತು. ಹೇಳಿದ್ರೆ ನೀನು ನಂಬ್ತಿರಲಿಲ್ಲ, ಮಗುಗೋಸ್ಕರ ಹೇಳ್ತಿದಾನೆ ಅಂತಿದ್ದೆ. ನಿಜ ಹೇಳ್ಬೇಕಂದ್ರೆ ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ." ಅವನು ಅಣ್ಣನ ಜಾಕೆಟ್ಟಿನ ತೋಳಿನ ಮಡಿಕೆಯನ್ನು ಬಿಚ್ಚುತ್ತಿದ್ದ, ಮತ್ತೆ ಮಡಚುತ್ತಿದ್ದ. "ಮಗುಗೆ ನೀನು ಬೇಕಾಗಿಲ್ಲ. ಅಮ್ಮನಿಗೆ ನಾನು ಸಾಕು. ನಂಗೆ ಮಾತ್ರ ನೀನಿಲ್ದೆ ಆಗ್ತಿಲ್ಲ. ಬರ್ತೀಯಾ ಅಂತ ಕೇಳ್ತಿದೀನಿ. ಬರಲ್ಲ ಅಂದ್ರೆ ಈ ಸೀಟು ಖಾಲಿಯೇ ಬರುತ್ತೆ. ಮಡಚಲ್ಲ."

ಅವಳು ಅಳಬಾರದೆಂದುಕೊಂಡಳು, ಅತ್ತಳು. ವರ್ಷದ ಸಿಟ್ಟೆಲ್ಲ ಒಟ್ಟಿಗೆ ಬಾಯಿಗೆ ಬಂದು, ಒಂದೇ ಮಾತಾಗಿ ಹೊರಬಿತ್ತು. "ಆ ಫೋನು... ನನ್ನ ಮಾತೂ ಕೇಳ್ದೆ ಇಟ್ಯಲ್ಲೋ!"

"ತಪ್ಪು ನಂದು."

"ಮೊದಲನೇ ಪಾರ್ಕ್ ತನಕ ಬರ್ತೀನಿ," ಅಂದಳು ಮೂಗು ಒರೆಸಿಕೊಳ್ಳುತ್ತ. "ಮುಂದಿನದ್ದು ಆಮೇಲೆ. ಅದನ್ನ ತೀರ್ಮಾನ ಮಾಡೋಳು ನಾನು. ನನ್ನ ಪರವಾಗಿ ನೀನು ಇನ್ನೊಂದು ಸಲ ತೀರ್ಮಾನ ಮಾಡಿದ್ರೆ, ದಾರಿ ಮಧ್ಯದಲ್ಲೇ ಇಳಿದುಬಿಡ್ತೀನಿ."

"ಬಟ್ಟೆಬರೆಗೆ ನಿಮ್ಮನೆ ಮುಂದೆ ನಿಲ್ಸೋಣ ಬಿಡಮ್ಮ," ಎಂದರು ಅಮ್ಮ ಮುಂದಿನಿಂದ, ಇಷ್ಟು ಹೊತ್ತೂ ಕಿವುಡಿಯಂತೆ ಕೂತಿದ್ದವರು.

ಅವಳು ಸೊಂಟದ ಕೀಗೊಂಚಲು ಬಿಚ್ಚಿ, ಕಾರು ತೊಳೆಯುವಾತನ ಒದ್ದೆ ಕೈಗಿಟ್ಟು, "ಮ್ಯಾನೇಜರ್‌ಗೆ ಫೋನ್ ಮಾಡಿ ರಜೆ ಕೇಳ್ತೀನಿ. ಅಲ್ಲಿ ತನಕ ಕೌಂಟರ್ ಸ್ವಲ್ಪ ನೋಡ್ಕೊಳ್ಳಣ್ಣ," ಅಂದಳು. ಹಿಂದಿನ ಸೀಟಿನಲ್ಲಿ ಕೂತಳು. ಕೀಗಳಿಲ್ಲದ ಸೊಂಟ ಹಗುರವೆನಿಸಿ ಹೆದರಿಕೆಯಾಯಿತು. ಬೆಲ್ಟಿನ ತುದಿಗೆ ಕೈ ಹಾಕಿದಳು. ಕೊಂಡಿ ಎರಡು ಸಲ ತಪ್ಪಿತು.

ಮಗು ನಕ್ಷೆ ಬದಿಗಿಟ್ಟು ಇತ್ತ ಬಾಗಿತು. ಅವಳ ಕೈಯಿಂದ ಬೆಲ್ಟು ತೆಗೆದುಕೊಂಡು ಟಪ್ ಎಂದು ಕೂರಿಸಿತು. ಎಳೆದು ನೋಡಿತು.

"ಭಯ ಆಗ್ತಿದ್ಯಾ ಕೀ ಆಂಟಿ?"

"ಹೂಂ."

"ಕೆಂಪು ಗುಂಡಿ ಒತ್ತಿದ್ರೆ ಇಳೀಬಹುದು. ಗೊತ್ತಲ್ಲ?"

"ಗೊತ್ತು ಕಣೇ," ಅಂದಳು. ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಣ್ಣಿಗಾಗಿ ಕಾಯುತ್ತಿತ್ತು. ಮುಂದಿನ ಗಾಜಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದವು. ಅವಳು ತನ್ನ ಕೈಯನ್ನು ಮಗುವಿನ ಮಡಿಲಲ್ಲಿಟ್ಟಳು. ಈ ಸಲ ಹಿಡಿದುಕೊಂಡದ್ದು ಮಗುವಲ್ಲ, ಅವಳೇ.

"ಇಳಿಯೋದು ಗೊತ್ತು. ನಡಿ, ಹೋಗೋಣ."