ದೀಪಸ್ತಂಭದ ಏರು

ಮೊದಲ ದಿನವೇ ಅವನು ಅವಳ ಗಿರಾಕಿಯನ್ನು ಕಿತ್ತುಕೊಂಡ.

ಎಂಟೂವರೆಯ ಲಾಂಚಿನಿಂದ ಇಳಿದ ಗಂಡಹೆಂಡತಿ ಅವಳ ಅಂಗಡಿಯಲ್ಲಿ ಬಾಡಿಗೆಗೆ ಎರಡು ಸೈಕಲ್ ಆರಿಸಿಕೊಂಡಿದ್ದರು. ಅವಳು ಸ್ಪ್ಯಾನರ್ ಹಿಡಿದು, ಬಗ್ಗಿ, ಸೀಟು ಇಳಿಸುತ್ತಿದ್ದಳು. ಎದುರಿಗೆ ನಿಂತಿದ್ದ ಬಸ್ಸಿನ ಹೊಸ ಡ್ರೈವರ್ ಕಿಟಕಿಯಿಂದ ಕತ್ತು ಹೊರಗೆ ಹಾಕಿದ.

"ಮೇಡಂ, ದೀಪಸ್ತಂಭ ಇಲ್ಲಿಂದ ಏಳು ಕಿಲೋಮೀಟರ್. ಬಸ್ಸಲ್ಲಿ ಕೂತ್ಕೊಂಡೇ ಹೋಗಬಹುದು."

ಹೆಂಡತಿ ಗಂಡನ ಮುಖ ನೋಡಿದಳು. ಇಬ್ಬರೂ ಬಸ್ಸು ಹತ್ತಿದರು.

"ಹೊಟ್ಟೆ ಮೇಲೆ ಹೊಡೀತೀರಲ್ಲ, ಡ್ರೈವರ್ ಸಾಹೇಬ್ರೆ," ಎಂದಳು ಅವಳು.

"ಸಾಯಂಕಾಲ ವಾಪಸ್ ತಂದುಕೊಡ್ತೀನಿ. ಆಗ ನೀವೇ ಇಟ್ಕೊಳ್ಳಿ."

ನಗಬಾರದು ಎಂದುಕೊಳ್ಳುತ್ತಲೇ ನಕ್ಕಳು. ಸ್ಪ್ಯಾನರ್ ಜಾರಿ ಕಾಲ ಮೇಲೆ ಬಿತ್ತು. ಬಸ್ಸು ಹೊರಟಾಗ ಅವನು ಪಕ್ಕದ ಕನ್ನಡಿಯಲ್ಲಿ ಅವಳು ಕಾಲು ಉಜ್ಜಿಕೊಳ್ಳುವುದನ್ನೂ ನೋಡಿದ.

ಆ ದ್ವೀಪದಲ್ಲಿ ಪ್ರವಾಸಿಗರಿಗೆ ತಿರುಗಾಡಲು ಇದ್ದದ್ದು ಎರಡೇ ಅನುಕೂಲ. ದಿನಕ್ಕೆರಡು ಸಲ, ಟಾರು ಇರುವಷ್ಟು ದೂರ, ಅವನ ಬಸ್ಸು. ಇಲ್ಲವೇ, ಕಾಲಲ್ಲಿ ಕಸುವಿರುವಷ್ಟು ದೂರ, ಅವಳ ಹದಿನೆಂಟು ಸೈಕಲ್. ಅಂಗಡಿ ಅಪ್ಪನದು. ಮಂಡಿ ಕೈಕೊಟ್ಟ ಮೇಲೆ ಅಪ್ಪ ಬೆಂಚಿನ ಮೇಲೆ ಕೂತು, "ಬ್ರೇಕ್ ನೋಡ್ದ್ಯಾ?" ಎಂದು ಕೇಳುವುದಷ್ಟೇ. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ದಿನಾ ಹದಿನೆಂಟು ಚೈನಿಗೂ ಎಣ್ಣೆ ಹಚ್ಚುವವಳು ಅವಳು.

ಅವನನ್ನೂ ಅವಳನ್ನೂ ಹತ್ತಿರ ತಂದದ್ದು ಪಂಕ್ಚರ್. ದಾರಿಯಲ್ಲಿ ಸೈಕಲ್ ಕೈಕೊಟ್ಟು ನಿಂತವರನ್ನು ಅವನು ಬಸ್ಸಿಗೆ ಹತ್ತಿಸಿಕೊಂಡು, ಸೈಕಲನ್ನು ಮೇಲೆ ಕಟ್ಟಿ ತರುತ್ತಿದ್ದ. ನಾಲ್ಕೂವರೆಗೆ ಇಳಿಸಿಕೊಟ್ಟು, ಅಲ್ಲೇ ನೀರು ತುಂಬಿದ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಅವಳು ಟ್ಯೂಬನ್ನು ನೀರಲ್ಲಿ ಅದ್ದಿ ಹಿಂಡುತ್ತಿದ್ದಳು. ಗುಳ್ಳೆ ಎಲ್ಲಿ ಏಳುತ್ತದೆ ಎಂದು ಅವನು ಹುಡುಕುತ್ತಿದ್ದ.

"ಇಲ್ಲಿ."

"ಅದು ನನ್ನ ಬೆರಳು."

"ಗೊತ್ತು."

ನೀರೊಳಗಿನ ಕೈಯನ್ನು ಇಬ್ಬರೂ ತಕ್ಷಣ ತೆಗೆಯಲಿಲ್ಲ. ಬೆಂಚಿನ ಮೇಲಿದ್ದ ಅಪ್ಪ ಸಮುದ್ರದ ಕಡೆ ತಿರುಗಿ ಕೂತರು.

ದಿನಾ ಅವನು ಕೇಳುತ್ತಿದ್ದ. ಇವತ್ತು ಎಷ್ಟು ಸೈಕಲ್ ಹೋದವು? ಯಾರು ಎಲ್ಲಿ ದಾರಿ ತಪ್ಪಿದರು? ಎಲ್ಲಿ ಸುಸ್ತಾಗಿ ಕೂತರು? ಅವಳ ಕೆಲಸದ ಬಗ್ಗೆ ಅಷ್ಟು ಆಸೆಯಿಂದ ಯಾರೂ ಕೇಳಿರಲಿಲ್ಲ. ಅವಳು ಕೈಬೆರಳಲ್ಲಿ ಮಣ್ಣಿನ ಮೇಲೆ ತಿರುವುಗಳನ್ನು ಬರೆದು ತೋರಿಸುತ್ತಿದ್ದಳು. "ದೀಪಸ್ತಂಭದ ಏರಿನಲ್ಲಿ ಹೊಸ ಜೋಡಿನೂ ಮಾತು ಬಿಟ್ಟುಬಿಡ್ತಾರೆ," ಎಂದಾಗ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ.

ಮಂಗಳವಾರ ಬಸ್ಸಿಗೆ ರಜೆ. ಅಂಥ ಒಂದು ಮಂಗಳವಾರ ಇಬ್ಬರೂ ಅದೇ ಏರನ್ನು ಸೈಕಲ್‌ನಲ್ಲಿ ಹತ್ತಿದರು. ತುದಿಯಲ್ಲಿ ಅವನು ಹ್ಯಾಂಡಲ್ ಮೇಲೆ ತಲೆಯಿಟ್ಟು ಏದುಸಿರು ಬಿಡುತ್ತಾ, "ನನ್ನ ಮದುವೆ ಆಗ್ತೀಯಾ?" ಎಂದ.

"ಉಸಿರು ತಗೊಂಡು ಕೇಳು."

"ಉಸಿರು ಬಂದ್ರೆ ಧೈರ್ಯ ಹೋಗುತ್ತೆ."

ಅವಳು ಅವನ ಹಣೆಯ ಬೆವರನ್ನು ತನ್ನ ಸೆರಗಿನಿಂದ ಒರೆಸಿದಳು. ಅದೇ ಉತ್ತರ.

"ಅಪ್ಪನ ಹತ್ರ ಯಾವಾಗ ಮಾತಾಡ್ತೀಯ?"

"ಒಂದು ತಿಂಗಳು ತಾಳು. ಒಂದು ವಿಷಯ ಗಟ್ಟಿಯಾಗ್ಲಿ."

ನೌಕರಿ ಕಾಯಂ ಆಗುವ ಮಾತಿರಬೇಕು ಎಂದುಕೊಂಡಳು.

ಮೂರು ವಾರದ ನಂತರ ಇಸ್ತ್ರಿ ಅಂಗಿಯ ಇಬ್ಬರು ಲಾಂಚಿನಿಂದ ಇಳಿದು, ಅವಳ ಅಂಗಡಿಯ ಮುಂದೆ ಟೇಪು ಹಿಡಿದು ಅಳತೆ ಮಾಡಿದರು. ಜಾಗ ಬಂದರು ಕಚೇರಿಯದು. ಮುಂದಿನ ತಿಂಗಳಿಂದ ಅಲ್ಲಿ ಬ್ಯಾಟರಿ ಸ್ಕೂಟರ್ ಕಂಪನಿಯ ಸ್ಟ್ಯಾಂಡ್ ಬರುತ್ತದೆ, ನೀವು ಖಾಲಿ ಮಾಡಬೇಕು ಎಂದರು. ಅಪ್ಪನ ಕೈಗೆ ಬಣ್ಣದ ಕರಪತ್ರವೊಂದನ್ನು ಕೊಟ್ಟು ಹೋದರು.

ಅವಳು ಅದನ್ನು ಬಿಡಿಸಿದಳು. ಪ್ರವಾಸಿಗರು ದಾರಿ ತಪ್ಪುವ ಮೂರು ತಿರುವು, ಸುಸ್ತಾಗಿ ಕೂರುವ ನೆರಳು, ಎಲ್ಲ ಅವಳು ಮಣ್ಣಲ್ಲಿ ಬರೆದ ಹಾಗೇ ನಕ್ಷೆಯಲ್ಲಿತ್ತು. ಕೆಳಗೆ ದಪ್ಪಕ್ಷರದಲ್ಲಿ: 'ದೀಪಸ್ತಂಭದ ಏರಿನಲ್ಲಿ ಮಾತು ಬಿಡಬೇಡಿ. ಸ್ಕೂಟರ್ ಹತ್ತಿ.' ಹಿಂಬದಿಯಲ್ಲಿ ಸ್ಥಳೀಯ ಮ್ಯಾನೇಜರ್‌ನ ಫೋನ್ ನಂಬರ್. ಅದು ಅವಳಿಗೆ ಬಾಯಿಪಾಠವಾಗಿದ್ದ ನಂಬರ್.

ನಾಲ್ಕೂವರೆಗೆ ಅವನು ಬಂದ. ಅವಳ ಕೈಯಲ್ಲಿದ್ದ ಕಾಗದ ನೋಡಿ ಅಲ್ಲೇ ನಿಂತ.

"ಇವರ ಕೆಲಸಕ್ಕೆ ಯಾವತ್ತು ಸಹಿ ಹಾಕಿದ್ದು?"

"ನಾವು ಏರು ಹತ್ತಿದ ಹಿಂದಿನ ದಿನ. ಸೋಮವಾರ."

"ಮಂಗಳವಾರ ನನ್ನ ಕೇಳಿದೆ."

"ಸಹಿ ಹಾಕಿದ್ದಕ್ಕೇ ಕೇಳೋ ಧೈರ್ಯ ಬಂತು. ಆ ಬಸ್ಸು ಇನ್ನೆಷ್ಟು ದಿನ ಓಡುತ್ತೆ ಹೇಳು. ನಿಮ್ಮಪ್ಪನ ಮುಂದೆ ಏನಂತ ನಿಲ್ಲಲಿ? ಕೌಂಟರ್‌ನಲ್ಲಿ ನಿಂಗೂ ಕೆಲಸ ಕೇಳಿದ್ದೀನಿ. ನಿಂತುಹೋಗೋ ಅಂಗಡಿಗೆ ಯಾಕೆ ಜೀವ ತೇಯ್ತೀಯ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಾಗಿದ್ದರೆ ಎಷ್ಟೋ ಸುಲಭವಿತ್ತು.

"ಸಾಯಂಕಾಲ ಕೂತು ಕೇಳ್ತಿದ್ಯಲ್ಲ, ಅದು ನಂಗೋಸ್ಕರನಾ, ಅವರಿಗೋಸ್ಕರನಾ?"

"ನಿಂಗೋಸ್ಕರ."

"ಕೊನೇವರೆಗೂ?"

ಅವನು ಬೋಗುಣಿಯ ನೀರನ್ನು ನೋಡಿದ. "ಆಮೇಲೆ ಎರಡಕ್ಕೂ."

"ಯಾವ ದಿನದಿಂದ?"

"ನಂಗೇ ಗೊತ್ತಿಲ್ಲ."

ಒಂದು ದಿನವನ್ನು ಅವನು ಹೇಳಿದ್ದರೆ ಅದಕ್ಕಿಂತ ಹಿಂದಿನ ಸಂಜೆಗಳಾದರೂ ಅವಳಿಗೆ ಉಳಿಯುತ್ತಿದ್ದವು. ಈಗ ಒಂದೊಂದು ಸಂಜೆಯನ್ನೂ ತಿರುಗಿಸಿ ನೋಡಬೇಕಾಯಿತು. ಯಾವ ನಗು ತನಗೆ, ಯಾವುದು ಕಂಪನಿಗೆ ಎಂದು ಬಗೆಹರಿಯಲಿಲ್ಲ.

"ಕೌಂಟರ್‌ಗೆ ಬೇರೆಯವರನ್ನ ನೋಡ್ಕೋ," ಎಂದು ಒಳಗೆ ಹೋದಳು.

ಅವನು ನಾಲ್ಕು ದಿನ ಬಂದ. ಅವಳು ಹೊರಗೆ ಬರಲಿಲ್ಲ.

"ಹುಡುಗ ಕೆಟ್ಟವನಲ್ಲ ಕಣಮ್ಮ," ಎಂದರು ಅಪ್ಪ.

"ಗೊತ್ತಪ್ಪ. ಕೆಟ್ಟವನಾಗಿದ್ರೆ ಬೈದು ಮರೀತಿದ್ದೆ."

ಚಿಕ್ಕಪ್ಪನಿಗೆ ಆಚೆ ದಡದ ಪೇಟೆಯಲ್ಲಿ ರಿಪೇರಿ ಅಂಗಡಿಯಿತ್ತು. ಅಪ್ಪ ಮಗಳು ಅಲ್ಲಿಗೆ ಹೋಗುವುದೆಂದಾಯಿತು. ಹೊರಡುವ ಬೆಳಿಗ್ಗೆ ಸರಕಿನ ಲಾಂಚಿಗೆ ಅವಳು ಒಬ್ಬಳೇ ಸೈಕಲ್ ಸಾಗಿಸುತ್ತಿದ್ದಾಗ, ಕಂಪನಿಯ ನೀಲಿ ಅಂಗಿ ತೊಟ್ಟ ಅವನು ಬಂದು, ಏನೂ ಕೇಳದೆ ಹಿಂದಿನ ಚಕ್ರ ಎತ್ತಿದ. ಅವಳು ಬೇಡವೆನ್ನಲಿಲ್ಲ. ಒಂದೊಂದಾಗಿ ಹದಿನೆಂಟನ್ನೂ ಏರಿಸಿದರು. ಅವಳಿಗೆ ಭಾರ ಬೀಳದಂತೆ ಅವನು ಪ್ರತಿಸಲ ಸ್ವಲ್ಪ ಹೆಚ್ಚೇ ಎತ್ತುತ್ತಿದ್ದ. ಅದು ಅವಳಿಗೆ ಗೊತ್ತಾಗುತ್ತಿತ್ತು.

ಕೊನೆಯ ಸೈಕಲ್ಲಿನ ಹ್ಯಾಂಡಲ್ ಮೇಲೆ ಇಬ್ಬರ ಕೈಯೂ ಇತ್ತು. ಅವನು ಬಿಡಲಿಲ್ಲ.

"ಒಂದೇ ಒಂದು ಮಾತು ಹೇಳಿ ಹೋಗು," ಎಂದ ಮೆಲ್ಲಗೆ. "ಬೈದ್ರೂ ಸರಿ."

ಅವಳು ಮುಖವೆತ್ತಿ ಅವನನ್ನು ಪೂರ್ತಿ ನೋಡಿದಳು. ಕಣ್ಣು, ಹಣೆ, ನೀಲಿ ಅಂಗಿಯ ಮೇಲಿನ ಹೆಸರಿನ ಪಟ್ಟಿ.

"ತುಂಬಾ ಉಪಕಾರ ಆಯ್ತು, ಅಣ್ಣ," ಎಂದಳು. "ಇನ್ನು ನೀವು ಹೊರಡಿ."

ಅವನ ಕೈ ತಾನಾಗಿ ಹ್ಯಾಂಡಲ್ ಬಿಟ್ಟಿತು.

ಲಾಂಚು ದಡ ಬಿಡುವವರೆಗೂ ಅವಳು ಬೆನ್ನು ತಿರುಗಿಸಿ ಹಗ್ಗದ ಗಂಟು ಬಿಗಿಯುತ್ತಿದ್ದಳು. ನೀರು ಅಗಲವಾದ ಮೇಲೆ ಅಪ್ಪನ ಪಕ್ಕ ಕೂತಳು. ಅಪ್ಪ ಅವಳ ಎಣ್ಣೆಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಆಗ ಅವಳು ಅತ್ತಳು.