ಕೊಳೆಯ ಮೇಲಿನ ಹಳದಿ ಗೆರೆ

ಬೆಳಿಗ್ಗೆ ಏಳಕ್ಕೆ ನಾನು ಕೊಳಚೆ ಪಂಪ್‌ಹೌಸಿನ ಬಾಗಿಲು ತೆರೆದಾಗ ನೆಲಮಾಳಿಗೆಯೇ ಕಾಣಲಿಲ್ಲ. ಊರ ಕೊಳಚೆ ಬಂದು ಸೇರುವ ಬಾವಿ ಉಕ್ಕಿ ಅಲ್ಲಿಗೆ ನುಗ್ಗಿತ್ತು. ನಿನ್ನೆಯಷ್ಟೇ ಕೂರಿಸಿದ ಹೊಸ ಪಂಪು ಮೋಟಾರು ಸಮೇತ ಮುಳುಗಿತ್ತು. ನೀರಲ್ಲಿದ್ದರೂ ಕೆಡದ ಮೋಟಾರು ಎಂಬುದೊಂದೇ ಸಮಾಧಾನ.

ಪಂಪು ನಡೆಸುವ ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಅಲ್ಲೇ ಕಸ ಗುಡಿಸುವವಳು.

"ಐದಕ್ಕೇ ಸ್ವಿಚ್ ಹಾಕಿದೆ ಕಣೇ. ಓಡ್ತಾನೇ ಇತ್ತು. ನೀರು ಮಾತ್ರ ಏರ್ತಾ ಹೋಯ್ತು."

ಎಲೆಕ್ಟ್ರಿಷಿಯನ್ ಓಡಿ ಬಂದ. ಜೇಬಿನಲ್ಲಿ ಸದಾ ಟೆಸ್ಟರ್ ಇರುವುದರಿಂದ ಅವನ ಹೆಸರೇ ಟೆಸ್ಟರ್. ಕರೆಂಟು ತೆಗೆದ, ಡೀಸೆಲ್ ಪಂಪು ತರಿಸಿ ನೆಲಮಾಳಿಗೆ ಬರಿದು ಮಾಡಿಸಿದ.

"ಯಾರೂ ಇಳೀಬೇಡಿ, ಶಾಕ್ ಹೊಡೆಯುತ್ತೆ," ಎಂದು ಒಬ್ಬನೇ ಇಳಿದ.

* * *

ಹನ್ನೊಂದಕ್ಕೆ ಎಂಜಿನಿಯರ್ ಸಾಹೇಬರು ಬಂದು ಸ್ವಿಚ್ ಒತ್ತಿದರು. ಬಾವಿಯ ನೀರು ಸರಸರ ಇಳಿಯಿತು.

"ಪಂಪು ಚೆನ್ನಾಗೇ ಇದೆಯಲ್ರೀ! ಕಸ ಸಿಕ್ಕಿತ್ತಾ?"

ಬಾವಿಯಲ್ಲಿ ಕಸ ತಡೆಯುವ ಜಾಲರಿ ಬಿಚ್ಚಿಸಿದರು. ಒಂದು ಚಿಂದಿಯೂ ಇರಲಿಲ್ಲ.

"ಯಜಮಾನ್ರು ಸ್ವಿಚ್ ಹಾಕದೆ ಗೊರಕೆ ಹೊಡೆದಿದಾರೆ ಸರ್," ಎಂದ ಟೆಸ್ಟರ್.

"ಹಾಕಿದ್ದೆ..." ದೊಡ್ಡಪ್ಪ ತಡವರಿಸಿದರು. "ಹಾಕಿದ್ದೆ ಅನ್ಸುತ್ತೆ. ಇಲ್ವೇನೋ?"

"ಸಂಜೆಯೊಳಗೆ ಬೀಗದ ಕೈ ಕೊಟ್ಟು ಮನೆಗೆ ಹೋಗಿ," ಎಂದರು ಸಾಹೇಬರು.

ದೊಡ್ಡಪ್ಪ ಸುಳ್ಳು ಹೇಳುವವರಲ್ಲ. ಆದರೆ ಪಂಪು ಕಣ್ಣೆದುರೇ ಓಡುತ್ತಿತ್ತು.

* * *

ನೆಲಮಾಳಿಗೆ ತೊಳೆಯಲು ಇಳಿದೆ. ಎಲ್ಲದರ ಮೇಲೂ ಕಪ್ಪು ಕೊಳೆ ಮೆತ್ತಿತ್ತು. ಬೋಲ್ಟು ಬಿಗಿದ ಮೇಲೆ ಅದರಿಂದ ಮುಚ್ಚಳಕ್ಕೆ ಒಂದು ಹಳದಿ ಗೆರೆ ಎಳೆಯುವುದು ಇಲ್ಲಿನ ಪದ್ಧತಿ. ಸಡಿಲಿಸಿದರೆ ಗೆರೆ ತುಂಡಾಗುತ್ತದೆ. ನಿನ್ನೆ ಎಳೆದ ಗೆರೆಗಳೆಲ್ಲ ಕೊಳೆಯ ಅಡಿಯಲ್ಲಿದ್ದವು. ಮೋಟಾರಿನ ತಂತಿ ಸೇರುವ ಪೆಟ್ಟಿಗೆಯ ನಾಲ್ಕು ಗೆರೆ ಮಾತ್ರ ಕೊಳೆಯ ಮೇಲಿದ್ದವು. ಮುಟ್ಟಿದೆ. ಹೆಬ್ಬೆರಳಿಗೆ ಅಂಟಿತು.

ಸಾಹೇಬರ ಮುಂದೆ ಹೋಗಿ ನಿಂತೆ. ಬೆರಳು ತೋರಿಸಿದೆ.

"ಏನಮ್ಮ ಇದು?"

"ಬಣ್ಣ ಸರ್. ಕೊಳೆ ಮೇಲೆ ಬಳಿದಿದಾರೆ."

ಅವರು ದಡದಡ ಇಳಿದರು. ಕರೆಂಟು ತೆಗೆಸಿ ಟೆಸ್ಟರ್ ಕೈಲೇ ಪೆಟ್ಟಿಗೆ ಬಿಚ್ಚಿಸಿದರು. ಮೂರು ತಂತಿಗಳಲ್ಲಿ ಎರಡರ ನಟ್ಟಿನ ಮೇಲೆ ಮಾತ್ರ ಹೊಸ ಗೀರು.

"ನೀರು ಇಳಿದ ಮೇಲೆ, ನಾನು ಬರೋ ಮುಂಚೆ, ಇಲ್ಲಿಗೆ ಇಳಿದವನು ನೀನೊಬ್ಬನೇ. ಎರಡು ತಂತಿ ಅದಲುಬದಲಾದ್ರೆ ಮೋಟಾರು ಉಲ್ಟಾ ತಿರುಗುತ್ತೆ. ಸದ್ದು ಅದೇ, ನೀರು ಮಾತ್ರ ಎತ್ತಲ್ಲ. ಗುಟ್ಟಾಗಿ ಸರಿ ಮಾಡಿ ಗೆರೆ ಎಳೆದೆ. ಅಲ್ವಾ?"

ಟೆಸ್ಟರ್ ತಲೆ ತಗ್ಗಿಸಿದ. "ನಿನ್ನೆ ತಂತಿ ಜೋಡಿಸಿದ ಮೇಲೆ ತಿರುಗೋ ದಿಕ್ಕು ನೋಡ್ಲೇ ಇಲ್ಲ ಸರ್. ಸದ್ದು ಕೇಳಿ ಪಂಪು ಸರಿಯಿದೆ ಅಂತ ಸಹಿ ಹಾಕಿದೆ."

ದೊಡ್ಡಪ್ಪ ನಿಧಾನವಾಗಿ ಅವನ ಹತ್ತಿರ ಬಂದರು.

"ಕೆಲಸ ಹೋದ್ರೆ ಹೋಗ್ಲಿ ಅಂದ್ಕೊಂಡಿದ್ದೆ ಕಣೋ. ನನ್ನ ತಲೇನೇ ಕೆಟ್ಟಿದೆ ಅಂತ ನಂಬಿಸ್ಬಿಟ್ಟಿದ್ಯಲ್ಲೋ!"